ದಾವಣಗೆರೆಯ ಎಂಬೆಡೆಡ್ ಲಿನಕ್ಸ್ ತರಗತಿ: ಡಿಎಂಎ ಪಾಠ ಗಟ್ಟಿ, ಸ್ಕೀಮಾ ಪಾಠ ಸಾಲದು

ದಾವಣಗೆರೆಯ ವಿದ್ಯಾನಗರದಲ್ಲಿ ಸಂಜೆ ಹೊತ್ತು ನಡೆಯುವ ಎಂಬೆಡೆಡ್ ಲಿನಕ್ಸ್ ತರಗತಿಗೆ ಸೇರಬಹುದೇ ಎಂದು ಕೇಳುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ಡಿಎಂಎ (ಪ್ರೊಸೆಸರ್ ಒಂದೊಂದು ಬೈಟನ್ನೂ ಸಾಗಿಸದೆ ಮೆಮೊರಿ ಮತ್ತು ಸಾಧನಗಳ ನಡುವೆ ದತ್ತಾಂಶ ಸಾಗಿಸುವ ವ್ಯವಸ್ಥೆ) ಪಾಠವೊಂದಕ್ಕಾಗಿಯಾದರೂ ಸೇರಿ ಎಂದೇ ಹೇಳುತ್ತೇನೆ. ಬೋರ್ಡಿನ ಹಾರ್ಡ್‌ವೇರನ್ನು ಲಿನಕ್ಸ್ ಕರ್ನಲ್‌ಗೆ ವಿವರಿಸುವ ಡಿವೈಸ್ ಟ್ರೀಯಲ್ಲಿ ಡಿಎಂಎ ವಿವರವನ್ನು ಅನೇಕರು ಬೇರೊಂದು ಬೋರ್ಡಿನ ಕಡತದಿಂದ ನಕಲು ಮಾಡಿ ಮುಗಿಸಿಬಿಡುತ್ತಾರೆ. ಇಲ್ಲಿ ಒಂದೊಂದು ಅಂಕಿಯನ್ನೂ ಬಿಡಿಸಿ ತೋರಿಸುತ್ತಾರೆ.

ಪಾಠ ನಡೆಯುವುದು ರಾಸ್ಪ್‌ಬೆರಿ ಪೈ 3ರ ಮೇಲೆ. ಚಾಲನೆಯಲ್ಲಿರುವ ಬೋರ್ಡಿನಲ್ಲೇ ಎಸ್‌ಪಿಐ (ಚಿಪ್‌ಗಳ ನಡುವಿನ ಸರಣಿ ಸಂಪರ್ಕ) ನೋಡ್‌ನ ‘ಡಿಎಂಎಎಸ್’ ಪ್ರಾಪರ್ಟಿಯನ್ನು ಹೆಕ್ಸ್‌ಡಂಪ್ ಮಾಡಿದಾಗ 16 ಬೈಟ್‌ಗಳು ಕಾಣುತ್ತವೆ: ಡಿಎಂಎ ಕಂಟ್ರೋಲರ್‌ನ ಪಿಹ್ಯಾಂಡಲ್ (ಆ ನೋಡನ್ನು ಸೂಚಿಸುವ ಸಂಖ್ಯೆ), 6, ಮತ್ತೆ ಅದೇ ಪಿಹ್ಯಾಂಡಲ್, 7. ಈ 6 ಮತ್ತು 7 ಚಾನೆಲ್ (ಕಂಟ್ರೋಲರ್‌ನೊಳಗಿನ ವರ್ಗಾವಣೆಯ ದಾರಿ) ಸಂಖ್ಯೆಗಳಲ್ಲ, ಎಸ್‌ಪಿಐ ಘಟಕದಿಂದ ಕಂಟ್ರೋಲರ್‌ಗೆ ಹೋಗುವ ರಿಕ್ವೆಸ್ಟ್ ಲೈನ್‌ಗಳ ಸಂಖ್ಯೆಗಳು. ಚಾನೆಲನ್ನು ಕರ್ನಲ್ ತಾನೇ ಆರಿಸಿಕೊಳ್ಳುತ್ತದೆ, ಅದೂ ಬಳಸಬಹುದಾದ ಚಾನೆಲ್‌ಗಳನ್ನು ಸೂಚಿಸುವ ಚಾನೆಲ್ ಮಾಸ್ಕ್ ಬಿಟ್ಟುಕೊಟ್ಟವುಗಳಲ್ಲಿ ಮಾತ್ರ, ಏಕೆಂದರೆ ಕೆಲವನ್ನು ಫರ್ಮ್‌ವೇರ್ ತನಗೆಂದು ಇಟ್ಟುಕೊಂಡಿರುತ್ತದೆ. ಬೈಂಡಿಂಗ್ (ಡಿವೈಸ್ ಟ್ರೀಯಲ್ಲಿ ಒಂದು ಸಾಧನವನ್ನು ಹೇಗೆ ವಿವರಿಸಬೇಕೆಂಬ ನಿಯಮಾವಳಿ) ಹೇಳಬೇಕಾದದ್ದು ಹಾರ್ಡ್‌ವೇರ್‌ನ ಜೋಡಣೆಯನ್ನೇ ಹೊರತು ಡ್ರೈವರ್‌ನ ಇಷ್ಟವನ್ನಲ್ಲ ಎಂಬ ನಿಯಮ ಇಷ್ಟು ಸ್ಪಷ್ಟವಾಗಿ ಮನದಟ್ಟಾಗುವ ಪಾಠ ಅಪರೂಪ.

ಡ್ರೈವರ್ ಚಾನೆಲ್ ಕೇಳುವುದು ‘ಟಿಎಕ್ಸ್’ (ಕಳುಹಿಸಲು), ‘ಆರ್‌ಎಕ್ಸ್’ (ಸ್ವೀಕರಿಸಲು) ಎಂಬ ಹೆಸರಿನಿಂದ. ಆ ಎರಡು ಹೆಸರುಗಳನ್ನು ಬೇಕೆಂದೇ ಅದಲುಬದಲು ಮಾಡಿ ಬೋರ್ಡನ್ನು ಮತ್ತೆ ಬೂಟ್ ಮಾಡಿಸುವ ಪ್ರಯೋಗವೇ ಪಾಠದ ತಿರುಳು. ಸಣ್ಣ ವರ್ಗಾವಣೆಗಳು ಏನೂ ಆಗದಂತೆ ನಡೆಯುತ್ತವೆ, ದೊಡ್ಡವು ಕೆಡುತ್ತವೆ. ಏಕೆಂದರೆ ಈ ಎಸ್‌ಪಿಐ ಡ್ರೈವರ್ 96 ಬೈಟ್‌ಗಿಂತ ಚಿಕ್ಕ ವರ್ಗಾವಣೆಗೆ ಡಿಎಂಎ ಬಳಸುವುದೇ ಇಲ್ಲ. ಚಿಕ್ಕ ಪರೀಕ್ಷೆಯೊಂದು ಪಾಸಾದ ಮಾತ್ರಕ್ಕೆ ಕಡತ ಸರಿಯಿದೆ ಎಂದುಕೊಳ್ಳುವವರು ಇದನ್ನು ನೋಡಲೇಬೇಕು.

ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಇನ್ನೊಂದು ಬೋರ್ಡಿಗೆ ಕೊಟ್ಟ ಸಮಯ ಕಡಿಮೆಯಾದರೂ ಹೋಲಿಕೆಗೆ ಸಾಕಾಗುತ್ತದೆ: ಅಲ್ಲಿ ಪಿಹ್ಯಾಂಡಲ್‌ನ ನಂತರ ಬರುವ ಸಂಖ್ಯೆಗಳು (ಸೆಲ್‌ಗಳು) ಎರಡು, ಮೊದಲನೆಯದು ರಿಕ್ವೆಸ್ಟ್ ಸಂಖ್ಯೆ, ಎರಡನೆಯದು ಅದನ್ನು ನಿರ್ವಹಿಸುವ ಟ್ರಾನ್ಸ್‌ಫರ್ ಕಂಟ್ರೋಲರ್‌ನ ಸಂಖ್ಯೆ.

ಕೊರತೆ ಟಿಪ್ಪಣಿಗಳಲ್ಲಿದೆ. ಕರ್ನಲ್‌ನಲ್ಲಿ ಹೊಸ ಬೈಂಡಿಂಗ್‌ಗಳನ್ನು ಯಂತ್ರವೇ ತಪಾಸಣೆ ಮಾಡಬಲ್ಲ ಯಾಮಲ್ ಸ್ಕೀಮಾ ರೂಪದಲ್ಲಿ ಬರೆಯುತ್ತಿರುವಾಗ, ಇವರು ಹಂಚುವ ಮಾದರಿಗಳು ಹಳೆಯ ಪಠ್ಯರೂಪದಲ್ಲೇ ಉಳಿದಿವೆ, ಸ್ಕೀಮಾವನ್ನು ಮೇಕ್ ಆಜ್ಞೆಯಿಂದ ತಪಾಸಣೆ ಮಾಡುವುದನ್ನು ಕಲಿಸುವುದೂ ಇಲ್ಲ. ಕಂಟ್ರೋಲರ್ ಇನ್ನೂ ಸಿದ್ಧವಾಗಿರದಿದ್ದರೆ ಡ್ರೈವರ್ ತನ್ನ ಪ್ರೋಬನ್ನು (ಸಾಧನವನ್ನು ಸಜ್ಜುಗೊಳಿಸುವ ಹಂತ) ಮುಂದೂಡಬೇಕೆಂಬ ವಿಷಯವೂ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಕರ್ನಲ್‌ಗೆ ಪ್ಯಾಚ್ (ಕೋಡ್ ತಿದ್ದುಪಡಿ) ಕಳುಹಿಸುವ ಉದ್ದೇಶದಿಂದ ಸೇರುವವರು ಈ ಎರಡನ್ನೂ ಮೊದಲ ವಾರದಲ್ಲೇ ಕೇಳಿ ಹೇಳಿಸಿಕೊಳ್ಳಬೇಕು; ಕೇಳಿದರೆ ಇಲ್ಲಿನ ಬೋಧಕರು ಹೇಳಿಕೊಡಲು ಬೇಸರಪಡುವವರಲ್ಲ.