ಹಾಸಿಗೆ ಹಿಡಿದ ಅಪ್ಪನಿಗೆ ಮನೆಯಲ್ಲೇ ಆರೈಕೆ: ಹದಿನಾರು ತಿಂಗಳ ಬಳಕೆಯ ನಂತರ

ಪಾರ್ಶ್ವವಾಯುವಿನಿಂದ ಬಲಭಾಗದ ಸ್ವಾಧೀನ ಕಳೆದುಕೊಂಡ ಅಪ್ಪನನ್ನು ಹಾಸನದ ಆಸ್ಪತ್ರೆಯಿಂದ ಸಕಲೇಶಪುರ ತಾಲ್ಲೂಕಿನ ನಮ್ಮ ಊರಿಗೆ ಕರೆತಂದ ವಾರದಲ್ಲೇ ಮನೆಗೆ ಬಂದು ಆರೈಕೆ ಮಾಡುವ ಸೇವೆಯೊಂದಕ್ಕೆ ಹೆಸರು ಕೊಟ್ಟೆವು. ವಾರಕ್ಕೆ ಎರಡು ಸಲ ನರ್ಸ್, ಒಂದು ಸಲ ಫಿಸಿಯೋಥೆರಪಿಸ್ಟ್, ತಿಂಗಳಿಗೊಮ್ಮೆ ವೈದ್ಯರು, ಬೇಕಾದಾಗ ಸಮಾಜ ಕಾರ್ಯಕರ್ತೆ ಬರುವುದೆಂದು ಒಪ್ಪಂದವಾಗಿತ್ತು.

ಅವರು ಮಾಡಿದ ಶುಶ್ರೂಷೆಗಿಂತಲೂ ನಮಗೆ ಕಲಿಸಿಕೊಟ್ಟ ಶುಶ್ರೂಷೆಯೇ ಈ ಸೇವೆಯ ನಿಜವಾದ ಬೆಲೆ. ವಾರದ 168 ಗಂಟೆಗಳಲ್ಲಿ ನರ್ಸ್ ನಮ್ಮ ಮನೆಯಲ್ಲಿರುತ್ತಿದ್ದುದು ಎರಡು ಗಂಟೆ; ಉಳಿದ ಹೊತ್ತೆಲ್ಲ ಅಪ್ಪ ಅಮ್ಮನ ಮತ್ತು ನನ್ನ ಕೈಯಲ್ಲೇ ಇರುತ್ತಿದ್ದರು. ಮೊದಲ ದಿನವೇ ಸಿಸ್ಟರ್ ಅಪ್ಪನ ಹಿಮ್ಮಡಿಯ ಕೆಂಪು ಕಲೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟು, "ನೋಡಿ ಅಮ್ಮ, ಒತ್ತಿದ ಜಾಗ ಬೆಳ್ಳಗಾಗಬೇಕಿತ್ತು, ಆಗಲಿಲ್ಲ. ಹಾಸಿಗೆ ಹುಣ್ಣು ಶುರುವಾಗುವುದು ಹೀಗೆಯೇ" ಎಂದರು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡುವುದನ್ನೂ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವಾಗ ಪೂರ್ತಿ ಪಕ್ಕಕ್ಕೆ ಹೊರಳಿಸದೆ ಸುಮಾರು 30 ಡಿಗ್ರಿಯಷ್ಟೇ ವಾಲಿಸಿ ಬೆನ್ನಿಗೆ ದಿಂಬಿನ ಆಸರೆ ಕೊಡುವುದನ್ನೂ ಅಮ್ಮನ ಕೈಯಿಂದಲೇ ಮಾಡಿಸಿದರು. ಬಂಧುಗಳು ತಂದುಕೊಟ್ಟಿದ್ದ ಗಾಳಿ ತುಂಬಿದ ರಿಂಗನ್ನು, ಅದು ಸುತ್ತಲಿನ ಚರ್ಮದ ರಕ್ತಸಂಚಾರಕ್ಕೆ ಅಡ್ಡಿಯಾಗುತ್ತದೆಂದು ತೆಗೆಸಿದರು. ಆ ಕಲೆ ಹುಣ್ಣಾಗಲಿಲ್ಲ, ಇಂದಿಗೂ ಅಪ್ಪನ ಮೈಮೇಲೆ ಒಂದೂ ಹುಣ್ಣಿಲ್ಲ.

ಮಳೆಗಾಲದಲ್ಲಿ ಮಾತ್ರ ಸೇವೆ ಸಮರ್ಪಕವಾಗಿರಲಿಲ್ಲ. ಜುಲೈನಲ್ಲಿ ನಮ್ಮ ಸಿಸ್ಟರ್ ರಜೆಯಲ್ಲಿದ್ದಾಗ ಬಂದ ಬದಲಿ ಸಿಬ್ಬಂದಿಗೆ ಅಪ್ಪನ ವಿವರವನ್ನು ಯಾರೂ ಹೇಳಿ ಕಳುಹಿಸಿರಲಿಲ್ಲ. ಗಾಲಿಕುರ್ಚಿಯಿಂದ ಮಲಗಿಸುವಾಗ ಅವರು ಮೂತ್ರದ ಕೊಳವೆಗೆ (ಕ್ಯಾಥೆಟರ್) ಜೋಡಿಸಿದ ಚೀಲವನ್ನು ಹಾಸಿಗೆಯ ಮೇಲೆಯೇ ಬಿಟ್ಟು ಹೋದರು. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ಮೂತ್ರ ಕೊಳವೆಯಲ್ಲಿ ಹಿಂದಕ್ಕೆ ಹರಿದು ಸೋಂಕಾಗಬಹುದು ಎಂದು ನಮಗೆ ಕಲಿಸಿದ್ದು ಇದೇ ಸೇವೆಯವರು. ಮೂರನೇ ದಿನ ಅಪ್ಪನಿಗೆ ಚಳಿಜ್ವರ ಬಂತು. ಅದರಿಂದಲೇ ಬಂತೆಂದು ಖಚಿತವಾಗಿ ಹೇಳಲಾರೆ, ಆದರೆ ಆ ರಾತ್ರಿಯ ಭಯವನ್ನು ನಾವು ಮರೆತಿಲ್ಲ. ದೂರು ಕೊಟ್ಟ ಮೇಲೆ ಹಾಸಿಗೆಯ ಬಳಿ ಒಂದು ನೋಟ್‌ಬುಕ್ ಇಟ್ಟರು, ಬಂದವರೆಲ್ಲ ಬಿ.ಪಿ., ಚರ್ಮದ ಸ್ಥಿತಿ, ಕ್ಯಾಥೆಟರ್ ಬದಲಿಸಿದ ದಿನಾಂಕ ಬರೆದು ಸಹಿ ಮಾಡುತ್ತಾರೆ. ಇದು ಮೊದಲ ದಿನದಿಂದಲೇ ಇರಬೇಕಿತ್ತು. ಗಾಳಿ ಹಾಸಿಗೆಯನ್ನು ಬಾಡಿಗೆಗೆ ಕೊಡುವಾಗಲೂ, ಕರೆಂಟು ಹೋದರೆ ಪಂಪ್ ನಿಲ್ಲುತ್ತದೆ, ಇನ್‌ವರ್ಟರ್ ಬೇಕು ಎಂಬ ಮಾತನ್ನು ಅವರು ಹೇಳಲಿಲ್ಲ. ಮಲೆನಾಡಿನ ಮನೆಗೆ ಅದನ್ನು ಹೇಳದಿರುವುದು ಸಣ್ಣ ತಪ್ಪಲ್ಲ.

ಫಿಸಿಯೋಥೆರಪಿಯಿಂದ ಭುಜದ ಬಿಗಿತ ಕಡಿಮೆಯಾಗಿದೆ. ದೂರದ ಹಳ್ಳಿಗೆ ಪ್ರಯಾಣದ ವೆಚ್ಚ ಪ್ರತ್ಯೇಕವಾಗಿರುತ್ತದೆ, ಅದನ್ನು ಮೊದಲೇ ಕೇಳಿಕೊಳ್ಳಿ.

ಸಮಾಜ ಕಾರ್ಯಕರ್ತೆಯ ಕೆಲಸವನ್ನು ನಾನು ಆರಂಭದಲ್ಲಿ ಅಷ್ಟಾಗಿ ಗಣಿಸಿರಲಿಲ್ಲ. ನವೆಂಬರ್‌ನಲ್ಲಿ ಪಿಂಚಣಿಗೆ ಜೀವಿತ ಪ್ರಮಾಣಪತ್ರ ಸಲ್ಲಿಸಬೇಕಾಗಿ ಬಂದು, ಸವೆದ ಬೆರಳಚ್ಚು ಯಂತ್ರಕ್ಕೆ ಹೊಂದದೆ, ಅಪ್ಪನನ್ನು ಕಾರಿನಲ್ಲಿ ಮಲಗಿಸಿಕೊಂಡು ಹೋಗುವುದೇ ದಾರಿಯೆಂದು ನಾವು ಕುಳಿತಿದ್ದಾಗ, ಆಕೆ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ಜೀವಿತ ಪ್ರಮಾಣಪತ್ರದ ವ್ಯವಸ್ಥೆಯಲ್ಲಿ 2021ರಿಂದಲೇ ಮುಖಚಹರೆಯ ದೃಢೀಕರಣ ಇದೆಯೆಂದು ಹೇಳಿ ಮೊಬೈಲನ್ನು ಅಪ್ಪನ ಮುಖದ ಎದುರು ಹಿಡಿದರು. "ಒಂದ್ಸಲ ಕಣ್ಣು ಮಿಟುಕಿಸಿ, ಅಜ್ಜ" ಎಂದರು. ಮಾತು ತೊದಲುವ ಅಪ್ಪ ಎರಡು ಸಲ ಮಿಟುಕಿಸಿದರು, ಎರಡನೆಯದಕ್ಕೆ ಪ್ರಮಾಣಪತ್ರ ಬಂತು.