ಸೋಷಿಯಲಿಸಂ ಪದದ ಅರ್ಥಕ್ಕೆ ಮೆರಿಯಂ-ವೆಬ್‌ಸ್ಟರ್ ಆನ್‌ಲೈನ್ ನಿಘಂಟು ಸಾಕೇ?

ಸೋಷಿಯಲಿಸಂ ಅಂದರೆ ಸಮಾಜವಾದ. ಹೀಗಂದರೆ ಪದ ಬದಲಾಯಿತೇ ಹೊರತು ಅರ್ಥ ಬಿಡಿಸಿದಂತಾಗಲಿಲ್ಲ. ಅರ್ಥವೇ ಬೇಕೆನ್ನುವವರಲ್ಲಿ ಬಹಳ ಮಂದಿ ತೆರೆಯುವುದು ಮೆರಿಯಂ-ವೆಬ್‌ಸ್ಟರ್‌ನ ಉಚಿತ ನಿಘಂಟನ್ನು. 2012ರಲ್ಲಿ ಆ ಸಂಸ್ಥೆ ‘ವರ್ಷದ ಪದ’ವೆಂದು ಆರಿಸಿದ್ದೂ ಸೋಷಿಯಲಿಸಂ, ಕ್ಯಾಪಿಟಲಿಸಂ ಜೋಡಿಯನ್ನೇ. ವಿವರಣೆ ಒಳ್ಳೆಯದಿದೆ. ಆದರೆ ಮೊದಲ ಸಾಲು ಓದಿ ಪುಟ ಮುಚ್ಚಿದರೆ ಅರ್ಧ ಅರ್ಥವೂ ಕೈಗೆ ಸಿಕ್ಕುವುದಿಲ್ಲ.

ಅಲ್ಲಿ ಅರ್ಥಗಳಿಗೆ 1, 2, 3 ಎಂದು ಅಂಕಿ ಇದೆ. 1 ಎಂದರೆ ಮುಖ್ಯ ಅರ್ಥ, 3 ಎಂದರೆ ಅಪರೂಪದ್ದು ಅಂತ ತಿಳಿಯುವುದೇ ಓದುಗರು ಮಾಡುವ ದೊಡ್ಡ ತಪ್ಪು. ಈ ನಿಘಂಟು ಅರ್ಥಗಳನ್ನು ಜೋಡಿಸುವುದು ಚರಿತ್ರೆಯ ಕ್ರಮದಲ್ಲಿ: ಮೊದಲು ಹುಟ್ಟಿದ ಅರ್ಥ ಮೊದಲು. ಯಾವುದು ಹೆಚ್ಚು ಬಳಕೆಯಲ್ಲಿದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ.

ಮೊದಲನೆಯ ಅರ್ಥದ ತಿರುಳು ಇಷ್ಟು: ಉತ್ಪಾದನಾ ಸಾಧನಗಳು (ಕಾರ್ಖಾನೆ, ಯಂತ್ರ, ಭೂಮಿಯಂಥವು) ಮತ್ತು ಸರಕು ಹಂಚಿಕೆ ಸಾಮೂಹಿಕ ಅಥವಾ ಸರ್ಕಾರಿ ಒಡೆತನದಲ್ಲಿ, ಆಡಳಿತದಲ್ಲಿ ಇರಬೇಕೆನ್ನುವ ಸಿದ್ಧಾಂತಗಳು, ಚಳವಳಿಗಳು. ಇಲ್ಲಿ ‘ಅಥವಾ’ ಎಂಬ ಪದದ ಮೇಲೆ ಬೆರಳಿಟ್ಟು ಓದಬೇಕು. ಸಮಾಜವಾದ ಎಂದರೆ ಎಲ್ಲವೂ ಸರ್ಕಾರದ್ದು ಎಂದು ವಾದಿಸುವವರೂ, ಹಾಗಲ್ಲ ಎನ್ನುವವರೂ ಎಡವುವುದು ಅದೇ ಜಾಗದಲ್ಲಿ. ಕೆಲಸಗಾರರೇ ಒಡೆಯರಾಗಿರುವ ಸಹಕಾರ ಸಂಘವೂ ಸಾಮೂಹಿಕ ಒಡೆತನವೇ. ಅದಕ್ಕೆ ಮಂತ್ರಿಯ ಸಹಿ ಬೇಡ. 1820ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ‘ಸೋಷಿಯಲಿಸ್ಟ್’ ಎಂಬ ಹೆಸರು ಅಂಟಿಕೊಂಡದ್ದೂ ರಾಬರ್ಟ್ ಓವನ್‌ನ ಅನುಯಾಯಿಗಳಿಗೆ, ಅಂದರೆ ಸಹಕಾರದಲ್ಲಿ ನಂಬಿಕೆ ಇಟ್ಟವರಿಗೆ. ವಿವರಣೆಯಲ್ಲಿ ‘ಸಹಕಾರಿ’ ಎಂಬ ಒಂದು ಪದ ಸೇರಿಸಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು. ಇದು ನಿಜವಾದ ಕೊರತೆ.

ಎರಡನೆಯ ಅರ್ಥಕ್ಕೆ ಎರಡು ಕವಲು: ಖಾಸಗಿ ಆಸ್ತಿಯೇ ಇಲ್ಲದ ಸಮಾಜ ಅಥವಾ ಗುಂಪುಜೀವನ, ಮತ್ತು ಉತ್ಪಾದನಾ ಸಾಧನಗಳನ್ನು ಪ್ರಭುತ್ವವೇ ಹಿಡಿದಿರುವ ವ್ಯವಸ್ಥೆ. ಮೊದಲ ಕವಲಿನಲ್ಲಿ ‘ಖಾಸಗಿ ಆಸ್ತಿ’ ಎಂದರೇನು ಎಂದು ಬಿಡಿಸದೆ ಬಿಟ್ಟದ್ದು ತೊಂದರೆ. ಮನೆಯಲ್ಲಿ ಒಂದು ಹೊಲಿಗೆ ಯಂತ್ರ ಇದೆ, ಮನೆಯವರ ಬಟ್ಟೆಗಷ್ಟೇ ಬಳಕೆ ಎನ್ನಿ. ಅದು ಸ್ವಂತ ಬಳಕೆಯ ವಸ್ತು. ಅಂಥ ಇಪ್ಪತ್ತು ಯಂತ್ರ ಇಟ್ಟು, ಇಪ್ಪತ್ತು ಜನರನ್ನು ಕೂಲಿಗೆ ಕೂರಿಸಿ, ಹೊಲಿದದ್ದನ್ನು ಮಾರಿ ಲಾಭ ತೆಗೆದರೆ ಅದು ಉತ್ಪಾದನಾ ಸಾಧನ. ಯಂತ್ರ ಅದೇ, ಸಂಬಂಧ ಬೇರೆ. ಸಮಾಜವಾದಿಗಳ ತಕರಾರು ಇರುವುದು ಎರಡನೆಯದರ ಮೇಲೆ. ಈ ವ್ಯತ್ಯಾಸ ತಿಳಿಯದೆ ಓದಿದವರು ಹಲ್ಲುಜ್ಜುವ ಬ್ರಷ್ಷೂ ಹಂಚಿಕೊಳ್ಳಬೇಕೇ ಎಂದು ಕೇಳುತ್ತಾರೆ.

ಮೂರನೆಯದು ಮಾರ್ಕ್ಸ್‌ವಾದದ ಪಾರಿಭಾಷಿಕ ಅರ್ಥ: ಬಂಡವಾಳಶಾಹಿಗೂ ಕಮ್ಯುನಿಸಂಗೂ ನಡುವಿನ ಹಂತ. ಅಲ್ಲಿ ಹಂಚಿಕೆ ಇನ್ನೂ ಸಮ ಆಗಿರುವುದಿಲ್ಲ, ದುಡಿಮೆಗೆ ತಕ್ಕಂತೆ ಸಂಬಳ. ವಿವರಣೆ ಬಿಗಿಯಾಗಿದೆ, ಸರಿಯಾಗಿದೆ. ಆದರೆ ಹಿನ್ನೆಲೆ ಇಲ್ಲ. 1875ರಲ್ಲಿ ಮಾರ್ಕ್ಸ್ ಇದನ್ನು ಕಮ್ಯುನಿಸ್ಟ್ ಸಮಾಜದ ಮೊದಲ ಹಂತ ಎಂದಿದ್ದ. 1917ರಲ್ಲಿ ಬರೆದ ಕೃತಿಯಲ್ಲಿ ಆ ಹಂತವನ್ನೇ ಸಾಮಾನ್ಯವಾಗಿ ಸೋಷಿಯಲಿಸಂ ಎನ್ನುತ್ತಾರೆ ಎಂದು ವಿವರಿಸಿ ಆ ಬಳಕೆಯನ್ನು ಗಟ್ಟಿ ಮಾಡಿದವನು ಲೆನಿನ್. ಇದು ಗೊತ್ತಿಲ್ಲದಿದ್ದರೆ ಕಮ್ಯುನಿಸ್ಟ್ ಪಕ್ಷ ಆಳುವ ದೇಶ ತನ್ನನ್ನು ‘ಸಮಾಜವಾದಿ’ ಎಂದೇಕೆ ಕರೆದುಕೊಳ್ಳುತ್ತದೆ ಎಂಬುದು ಒಗಟಾಗಿಯೇ ಉಳಿಯುತ್ತದೆ.

ಇವತ್ತಿನ ಮಾತಿನಲ್ಲಿ ಹೆಚ್ಚು ಓಡಾಡುವ ಅರ್ಥಕ್ಕೆ ಮಾತ್ರ ಪ್ರತ್ಯೇಕ ಅಂಕಿಯೇ ಇಲ್ಲ: ತೆರಿಗೆಯಿಂದ ನಡೆಯುವ ಆಸ್ಪತ್ರೆ, ಶಾಲೆ, ಪಿಂಚಣಿ. ಖಡಾಖಂಡಿತವಾಗಿ ಹೇಳುವುದಾದರೆ ಇದು ಕಲ್ಯಾಣ ರಾಜ್ಯ, ಸೋಷಿಯಲ್ ಡೆಮಾಕ್ರಸಿಯ ದಾರಿ. ಕಾರ್ಖಾನೆ ಖಾಸಗಿಯವರದ್ದೇ, ಲಾಭದ ಒಂದು ಪಾಲು ತೆರಿಗೆಯಾಗಿ ಬರುತ್ತದೆ. ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ 1959ರ ‘ಗೋಡೆಸ್‌ಬರ್ಗ್ ಕಾರ್ಯಕ್ರಮ’ ಎಂಬ ತನ್ನ ನೀತಿಪತ್ರದಲ್ಲಿ ಮಾರುಕಟ್ಟೆಯನ್ನು ಒಪ್ಪಿಕೊಂಡ ಮೇಲೆ ಈ ದಾರಿ ಇನ್ನಷ್ಟು ನಿಚ್ಚಳವಾಯಿತು. ಜನ ಇದನ್ನೂ ಸೋಷಿಯಲಿಸಂ ಎನ್ನುತ್ತಾರೆ ಎಂದಮೇಲೆ ಬಳಕೆ ದಾಖಲಿಸುವ ನಿಘಂಟು ಅದನ್ನು ಅರ್ಥಗಳ ಸಾಲಿನಲ್ಲೇ ಕೂರಿಸಬೇಕಿತ್ತು.

ಉದಾಹರಣೆ ವಾಕ್ಯಗಳನ್ನು ನೆಚ್ಚಿಕೊಳ್ಳಬೇಡಿ. ಅವು ಹೆಚ್ಚಿನಂಶ ಸುದ್ದಿತಾಣಗಳಿಂದ ತಾವಾಗಿಯೇ ಆಯ್ದು ಬರುವಂಥವು. ಅಲ್ಲಿನ ಅಭಿಪ್ರಾಯ ನಮ್ಮದಲ್ಲ ಎಂದು ಸಂಸ್ಥೆಯೇ ಬರೆದಿದೆ. ಬೈಗುಳವಾಗಿ ಬಳಸಿದ ವಾಕ್ಯವೂ, ಹೆಮ್ಮೆಯಿಂದ ಬಳಸಿದ್ದೂ ಅಕ್ಕಪಕ್ಕ ಬರುತ್ತವೆ. ಜಾಹೀರಾತುಗಳ ಕಾಟವೂ ಇದೆ. ಉಚ್ಚಾರಣೆಯ ಧ್ವನಿ ಮಾತ್ರ ಸ್ಪಷ್ಟ.

ಲೇಖನವೊಂದರಲ್ಲಿ ಈ ಪದ ಸಿಕ್ಕಿದಾಗ ಮೊದಲು ಬರೆದ ವರ್ಷ, ಬರೆದವರ ಪಕ್ಷ ನೋಡಿ. ಆಮೇಲೆ ಮೂರೂ ಅರ್ಥಗಳನ್ನು ಒಂದೊಂದಾಗಿ ಆ ವಾಕ್ಯದಲ್ಲಿಟ್ಟು ಓದಿ. ಒಡೆಯ ಯಾರು, ತೀರ್ಮಾನ ಯಾರದು, ಪಾಲು ಹೇಗೆ ಎಂಬ ಮೂರಕ್ಕೂ ಉತ್ತರ ಸಿಕ್ಕಿದ ಅರ್ಥವೇ ಅಲ್ಲಿಯದು. ಒಂದೂ ಹೊಂದದಿದ್ದರೆ ಬರೆದವರು ಹೇಳುತ್ತಿರುವುದು ಬಹುಶಃ ಕಲ್ಯಾಣ ರಾಜ್ಯದ ಮಾತು. ಆಗ ‘ಸೋಷಿಯಲ್ ಡೆಮಾಕ್ರಸಿ’ ಪುಟ ತೆರೆಯಿರಿ.