ಬ್ಯಾಲಟ್ ಜೊತೆ ಬರೋ ವೋಟರ್ ಗೈಡ್: 5ಕ್ಕೆ 4

ಕ್ಯಾಲಿಫೋರ್ನಿಯಾದಲ್ಲಿರೋ ನಮ್ಮೋರೇ, ಎಲೆಕ್ಷನ್ ಮುಂಚೆ ಕೌಂಟಿಯಿಂದ ಪೋಸ್ಟಲ್ಲಿ ಒಂದು ಬುಕ್ ಬರುತ್ತಲ್ಲ, ಅದನ್ನ ಸೀದಾ ರೀಸೈಕ್ಲಿಂಗ್ ಡಬ್ಬಕ್ಕೆ ಹಾಕ್ಬೇಡಿ, ಅದ್ರಲ್ಲೂ ಲೈಬ್ರರಿನೋ ಕಮ್ಯುನಿಟಿ ಸೆಂಟರೋ ಕಟ್ಟೋಕೆ ಸಿಟಿ ಬಾಂಡ್ (ಜನರ ಪ್ರಾಪರ್ಟಿ ಟ್ಯಾಕ್ಸಿಂದ ತೀರಿಸೋ ಸಾಲ) ಕೇಳ್ತಿದ್ರೆ.

ಬ್ಯಾಲಟ್ ಮೇಲಿನ ಪ್ರಶ್ನೆಗೆ 75 ಪದದ ಮಿತಿ. ಅಷ್ಟರಲ್ಲೇ ಸೋರೋ ಛಾವಣಿ, ಭೂಕಂಪ ಸುರಕ್ಷತೆ, ಮಕ್ಕಳು, ಸೀನಿಯರ್ಸ್ ಎಲ್ಲಾ ಮೊದ್ಲು ಬರ್ತಾರೆ, ಟ್ಯಾಕ್ಸ್ ವಿಷ್ಯ ಕೊನೇಲಿ ಎಲ್ಲೋ. ರೇಟು, ವರ್ಷಕ್ಕೆ ಎಷ್ಟು ದುಡ್ಡು ಎತ್ತುತ್ತಾರೆ, ಎಷ್ಟು ವರ್ಷ, ಇವನ್ನ ಹಾಕ್ಲೇಬೇಕು ಅಂತ ಕಾನೂನು ಇರೋದಕ್ಕೆ ಹಾಕ್ತಾರೆ, ಇಲ್ದಿದ್ರೆ ದೇವರೇ ಗತಿ! 100 ಡಾಲರ್‌ಗೆ 2 ಸೆಂಟ್ಸ್ ಅಂದ್ರೆ ಏನೂ ಅಲ್ಲ ಅನ್ಸುತ್ತೆ, 10 ಲಕ್ಷ ಡಾಲರ್ ಅಸೆಸ್ಡ್ ವ್ಯಾಲ್ಯೂ (ಟ್ಯಾಕ್ಸ್ ಹಾಕೋಕೆ ಕೌಂಟಿ ಹಿಡಿಯೋ ಬೆಲೆ) ಇರೋ ಮನೆಗೆ ಅದು ವರ್ಷಕ್ಕೆ 200 ಡಾಲರ್. ಈ ಬೆಲೆ ಮಾರ್ಕೆಟ್ ರೇಟ್ ಅಲ್ಲ, 1978ರ ಪ್ರಾಪ್ 13 (ಜನ ವೋಟ್ ಹಾಕಿ ತಂದ, ಈ ಬೆಲೆ ವರ್ಷವರ್ಷ ಜಾಸ್ತಿ ಏರದಂಗೆ ತಡೆಯೋ ಕಾನೂನು) ಇರೋದ್ರಿಂದ ಹಳೇ ಕಾಲದಲ್ಲಿ ಮನೆ ತಗೊಂಡ ಪಕ್ಕದ್ಮನೆ ಅಜ್ಜಿಗೆ ಕಮ್ಮಿ, ಮೊನ್ನೆ ಮೊನ್ನೆ ತಗೊಂಡ ನಮ್ಮಂಥೋರಿಗೆ ಜಾಸ್ತಿ.

ಗೈಡಲ್ಲಿ ನಂಗಿಷ್ಟ ಆಗಿದ್ದು ಸಿಟಿ ಅಟಾರ್ನಿ ಬರೆಯೋ ವಿಶ್ಲೇಷಣೆ, ಒಣಕಲು ಇಂಗ್ಲಿಷ್ ಆದ್ರೂ ಬಣ್ಣ ಹಚ್ಚಿರಲ್ಲ. ಪರ-ವಿರೋಧ ವಾದ ಎರಡೂ ಬರೀ ಕೂಗಾಟ, ಆದ್ರೆ ಕೆಳಗೆ ಯಾರ್ಯಾರು ಸೈನ್ ಹಾಕಿದಾರೆ ನೋಡಿ, ಅರ್ಧ ಕಥೆ ಅಲ್ಲೇ ಇರುತ್ತೆ.

ಇನ್ನೊಂದು, ಈ ಬಾಂಡ್ ದುಡ್ಡು ಕಟ್ಟಡಕ್ಕೆ ಮಾತ್ರ, ಸ್ಟಾಫ್ ಸಂಬಳಕ್ಕಲ್ಲ. ಪಾಸಾಗೋಕೆ ಮೂರನೇ ಎರಡು ಭಾಗ ಯೆಸ್ ಬೇಕು, ಅದನ್ನ 55 ಪರ್ಸೆಂಟಿಗೆ ಇಳಿಸೋ ಪ್ರಾಪ್ 5 ಅನ್ನೋ ಪ್ರಸ್ತಾವ 2024ರ ವೋಟಲ್ಲಿ ಬಿದ್ಹೋಯ್ತು. ಒಂದು ಸ್ಟಾರ್ ಕಟ್ ಮಾಡಿದ್ದು ಆ ಇರುವೆ ಸೈಜ್ ಅಕ್ಷರಕ್ಕೆ.